ಒಂದು ಗೇಣು ಮಣ್ಣಿನ ಹದ

ನನ್ನ ಗಂಡನಿಗೂ ಅವರ ಇಬ್ಬರು ಗೆಳೆಯರಿಗೂ ಹೊಲದ ಹುಚ್ಚು ಹಿಡಿದದ್ದು ನಮ್ಮ ಮನೆಯಲ್ಲಿ, ಊಟದ ಹೊತ್ತಿನಲ್ಲಿ. ೨೦೧೫ರ ಸುಮಾರು. ನಾವಾಗ ಡ್ಯಾಲಸ್‌ನ ಫಾರ್ಮರ್ಸ್ ಬ್ರಾಂಚ್‌ನಲ್ಲಿದ್ದೆವು. ಗೆಳೆಯರಲ್ಲಿ ಒಬ್ಬರು ಹುಬ್ಬಳ್ಳಿಯವರು, ಹ್ಯೂಸ್ಟನ್‌ನ ಮಿಸೌರಿ ಸಿಟಿಯಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದರು. ಇನ್ನೊಬ್ಬರು ಮೈಸೂರಿನವರು, ಆಸ್ಟಿನ್‌ನಲ್ಲಿ ಸಾಫ್ಟ್‌ವೇರ್ ಕೆಲಸ. ನಮ್ಮವರು ವಿಜಯಪುರದ ಕಡೆಯವರು. ನಾನು ಬಡಿದ ಜೋಳದ ರೊಟ್ಟಿ ತಿನ್ನುತ್ತ ಮೂವರಿಗೂ ಸೀತನಿ ನೆನಪಾಯಿತು. ಹಾಲುಗಾಳಿನ ಜೋಳದ ತೆನೆಯನ್ನು ಹೊಲದಲ್ಲೇ ಕೆಂಡದ ಮೇಲೆ ಸುಟ್ಟು, ತಿಕ್ಕಿ, ಬಿಸಿ ಇರುವಾಗಲೇ ಬಾಯಿಗೆ ಹಾಕಿಕೊಳ್ಳುವುದು. ಮೈಸೂರಿನವರು ಅದನ್ನು ಕಂಡವರೇ ಅಲ್ಲ, ಆದರೂ ಅವರಿಗೂ ನೆನಪಾಯಿತು.

ಸ್ವಲ್ಪ ದಿನಕ್ಕೆ ಹೊಲ ಕೊಂಡೇಬಿಟ್ಟರು. ಹೊಲವೆಂದರೆ ಅದು ಹೊಲವಲ್ಲ, ದನ ಮೇಯುವ ಹುಲ್ಲುಗಾವಲು. ಟೆಕ್ಸಸ್ ದಾಟಿ ಪಶ್ಚಿಮಕ್ಕೆ ಇಡೀ ದಿನ ಡ್ರೈವ್ ಮಾಡಿದರೆ ಸಿಗುವ ಎತ್ತರದ ಬಯಲು. ಫೋಟೋ ನೋಡಿ ಆರಿಸಿದ್ದರು. ಧಾರವಾಡದಲ್ಲಿ ಕೃಷಿ ಪದವಿ ಮಾಡಿ, ಅದರಲ್ಲೂ ಮಣ್ಣನ್ನೇ ಆರಿಸಿಕೊಂಡು ಓದಿದ ನಾನು ಅದೇ ಮನೆಯ ಅಡುಗೆಮನೆಯಲ್ಲಿದ್ದೆ. ಗಂಡನ ವೀಸಾದ ಮೇಲೆ ಬಂದವಳಾದ್ದರಿಂದ ಕೆಲಸಕ್ಕೆ ಹೋಗುವ ಹಾಗಿರಲಿಲ್ಲ. ಕೆಲಸವಿಲ್ಲದವಳಿಗೆ ವಿದ್ಯೆಯೂ ಇಲ್ಲ ಎಂದು ಈ ಮೂವರು ಯಾವಾಗ ತೀರ್ಮಾನಿಸಿದರೋ ತಿಳಿಯದು.

"ಥಂಡಿ ಹವಾ, ಒಣ ಹವಾ. ಹಿಂಗಾರಿ ಜೋಳಕ್ಕ ಇನ್ನೇನ ಬೇಕು?" ಎಂದರು ನಮ್ಮವರು.

"ಮಣ್ಣು ಬೇಕ್ರಿ" ಎಂದೆ.

ಮೂವರೂ ನಕ್ಕರು. ನಾನು ತಮಾಷೆ ಮಾಡಿರಲಿಲ್ಲ.

ಹಿಂಗಾರಿ ಜೋಳ ಮಳೆ ನಿಂತ ಮೇಲೆ ಬಿತ್ತುವ ಬೆಳೆ. ನಮ್ಮ ಕಡೆಯ ಎರೆ ಮಣ್ಣು ಆಳುದ್ದ ಇರುತ್ತದೆ, ಮಳೆಗಾಲದ ನೀರನ್ನು ಹೊಟ್ಟೆಯಲ್ಲಿಟ್ಟುಕೊಂಡು ಚಳಿಗಾಲವಿಡೀ ಬೇರಿಗೆ ಸ್ವಲ್ಪಸ್ವಲ್ಪವೇ ಕೊಡುತ್ತದೆ. ನೋಡುವವರಿಗೆ ಬರೀ ಚಳಿ ಕಾಣುತ್ತದೆ, ಕೆಳಗಿನ ನೀರು ಕಾಣುವುದಿಲ್ಲ. ಹಾಗಾಗಿ ಜೋಳ ಚಳಿಗೆ ಬೆಳೆಯುತ್ತದೆ ಎಂದುಕೊಂಡೇ ನಮ್ಮವರು ದೊಡ್ಡವರಾಗಿದ್ದರು. ತಮಾಷೆಯೆಂದರೆ ಡ್ಯಾಲಸ್‌ನಲ್ಲಿ ನಮ್ಮ ಮನೆ ನಿಂತಿದ್ದೇ ಅಂಥ ಕಪ್ಪು ಮಣ್ಣಿನ ಮೇಲೆ. ಬೇಸಿಗೆಯಲ್ಲಿ ಅದು ಬಿರುಕು ಬಿಟ್ಟರೆ ಗೋಡೆ ಸೀಳುತ್ತದೆಂದು ಫೌಂಡೇಶನ್ ಸುತ್ತ ಪೈಪು ಹಾಸಿ ನೀರುಣಿಸುತ್ತಿದ್ದೆವು. ಜೋಳ ಬೆಳೆಯುವ ಮಣ್ಣಿಗೆ ಗೋಡೆ ಉಳಿಸಲು ನೀರು, ಜೋಳ ಬೆಳೆಯಲು ಇನ್ನೆಲ್ಲೋ ಒಂದು ದಿನದ ಪ್ರಯಾಣ! ಇದನ್ನೂ ಹೇಳಿದೆ. "ಹಿತ್ತಲದಾಗ ಸೀತನಿ ಯಾರ ತಿಂತಾರ?" ಎಂದರು ನಮ್ಮವರು.

ಅಕ್ಟೋಬರ್ ಮೊದಲ ವಾರ ನಾಲ್ವರೂ ಹೋದೆವು. ಹುಬ್ಬಳ್ಳಿಯವರು ತಮ್ಮ ಅಂಗಡಿಯಿಂದ ಜೋಳದ ಚೀಲ ತಂದಿದ್ದರು, ಮೈಸೂರಿನವರು ಟೆಂಟು ತಂದಿದ್ದರು. ಸಂಜೆ ಟೆಂಟು ಹಾಕುವಾಗಲೇ ನನಗೆ ಬೇಕಾದದ್ದು ತಿಳಿಯಿತು. ಗೂಟ ಒಂದು ಗೇಣು ಸಲೀಸಾಗಿ ಇಳಿದು ಟಣ್ ಎಂದು ನಿಂತಿತು. ಹತ್ತು ಹೆಜ್ಜೆ ಆಚೆ ಹೊಡೆದೆ, ಅಲ್ಲೂ ಟಣ್. ಮೇಲೆ ಕಂದು ಬಣ್ಣದ ಮರಳುಮಣ್ಣು, ಕೆಳಗೆ ಬಿಳಿ ಸುಣ್ಣಗಲ್ಲು. ಇಂಥ ಮಣ್ಣು ಮಳೆ ಬಂದರೆ ಗಟಗಟ ಕುಡಿಯುತ್ತದೆ, ಆದರೆ ಇಟ್ಟುಕೊಳ್ಳಲು ಅದಕ್ಕೆ ಜಾಗವೇ ಇಲ್ಲ. ಅದರ ಮೇಲೆ ಕುಚ್ಚುಕುಚ್ಚಾಗಿ ಗಿಡ್ಡ ಹುಲ್ಲು ನಿಂತಿತ್ತು. ಒಂದು ಕುಚ್ಚನ್ನು ಬುಡದಲ್ಲಿ ಬಿಡಿಸಿ ನೋಡಿದೆ. ಮಣ್ಣಿಗಿಂತ ಬೇರೇ ಹೆಚ್ಚಿತ್ತು, ಕಲ್ಲಿನ ಸೀಳಿನವರೆಗೂ ಇಳಿದಿತ್ತು. ಆ ಗೇಣು ಮಣ್ಣು ಅಷ್ಟು ಗಾಳಿಗೆ ಅಲ್ಲಿ ಉಳಿದಿದ್ದರೆ ಆ ಬೇರಿನ ದೆಸೆಯಿಂದ. ಇವರು ಉಳಲು ಹೊರಟಿದ್ದು ಇದನ್ನೇ. ಜೋಳ ಬಂದರೆಷ್ಟು ಬಿಟ್ಟರೆಷ್ಟು, ಈ ಹುಲ್ಲು ಹೋದರೆ ನಮ್ಮ ಜೀವಮಾನದಲ್ಲಿ ಮರಳಿ ಬರುವುದಿಲ್ಲ.

ಬೆಳಿಗ್ಗೆ ಟೆಂಟಿನಿಂದ ಹೊರಬಂದರೆ ನಮ್ಮವರು ಕುಕ್ಕುರುಗಾಲಲ್ಲಿ ಕೂತಿದ್ದರು. ಒಂದು ಹಿಡಿ ಮಣ್ಣೆತ್ತಿ ಮುಷ್ಟಿ ಬಿಗಿದು, ಬಿಚ್ಚಿದರು. ಅಂಗೈಯಲ್ಲಿ ಉಂಡೆ ನಿಂತಿತ್ತು. ಊರಲ್ಲಿ ಬಿತ್ತುವ ಮೊದಲು ಎಲ್ಲರೂ ಮಾಡುವ ಪರೀಕ್ಷೆ ಅದು. ಉಂಡೆ ನಿಂತರೆ ಮಣ್ಣಲ್ಲಿ ಹಸಿ ಇದೆ, ಹದ ಬಂದಿದೆ, ಕೂರಿಗೆ ಹೂಡಬಹುದು.

"ಹದ ಬಂದೈತೋ!" ಎಂದು ಕೂಗಿದರು. ಉಳಿದಿಬ್ಬರೂ ಓಡಿ ಬಂದು ಉಂಡೆ ಕಟ್ಟಿದರು. ಮೈಸೂರಿನವರು, "ಲಡ್ಡು ಥರ ಬಂತು ಕಣ್ರೀ" ಎಂದು ಫೋಟೋ ತೆಗೆದರು.

"ಹದ ಅಲ್ರಿ ಅದು" ಎಂದೆ. "ರಾತ್ರಿ ಇಬ್ಬನಿ ಹೆಪ್ಪುಗಟ್ಟೈತಿ. ಕೈಯಾಗಿನ ಬಿಸಿಗೆ ಕರಗಿ ಅಂಟಾಕತ್ತೈತಿ. ನಮ್ಮೂರಾಗ ಮಣ್ಣು ಹಿಂಗ ಹೆಪ್ಪುಗಟ್ಟೂದಿಲ್ಲ, ಅದಕ್ಕ ನಿಮಗ ಗೊತ್ತಾಗವಲ್ದು. ಬಿಸಿಲು ಏರೂ ತನಕ ತಡೀರಿ."

"ಪುಸ್ತಕದಾಗ ಓದಿದ್ದ ಬ್ಯಾರೆ, ಕೈಯಾಗ ಹಿಡಿದದ್ದ ಬ್ಯಾರೆ" ಎಂದರು ನಮ್ಮವರು.

"ವೈನಿ, ಚಾ ಒಂದ ಆಗ್ಲಿರಿ" ಎಂದರು ಹುಬ್ಬಳ್ಳಿಯವರು.

ಚಹಾ ಮಾಡಿದೆ. ಮಾಡಬಾರದಿತ್ತು. ಬಿಸಿಲೇರಿದ ಮೇಲೆ ಅದೇ ಜಾಗದ ಮಣ್ಣೆತ್ತಿ ಮೂವರ ಮುಂದೆಯೂ ಮುಷ್ಟಿ ಬಿಗಿದು ತೋರಿಸಿದೆ. ಬೆರಳ ಸಂದಿಯಿಂದ ರವೆಯ ಹಾಗೆ ಸುರಿದುಹೋಯಿತು. "ನೀ ಸಡಿಲ ಹಿಡಿದಿ" ಎಂದರು ನಮ್ಮವರು. ಅಷ್ಟರಲ್ಲಿ ಬಾಡಿಗೆ ಟ್ರ್ಯಾಕ್ಟರ್ ಬಂದು ನಿಂತಿತ್ತು, ಬಂದದ್ದನ್ನು ವಾಪಸು ಕಳಿಸಲು ಗಂಡಸರಿಗೆ ಅವಮಾನ. ನಾನು ಹೋಗಿ ಹುಲ್ಲಿನ ನಡುವೆ ಕೂತುಬಿಟ್ಟೆ. ಸಿಟ್ಟಿಗೆ ಕಣ್ಣಲ್ಲಿ ನೀರು ಬಂದಿತ್ತು. ನಾಲ್ಕು ಜನರೆದುರು ಹೆಂಡತಿ ಹೀಗೆ ಕೂತರೆ ಹೇಗೆ ಎಂದು ನಮ್ಮವರು ಕೊನೆಗೆ, "ಆತು, ಅರ್ಧ ಬಿಡ್ತೀವಿ, ಏಳು" ಎಂದರು. ಹುಲ್ಲು ಉಳಿಯಬೇಕೆಂದಲ್ಲ, ನಾನು ಏಳಬೇಕೆಂದು.

ಉಳಿದರ್ಧ ಉತ್ತರು, ಬಿತ್ತಿದರು. ಮುಂದಿನದನ್ನು ಬೆಳೆಸಿ ಹೇಳುವುದೇನಿಲ್ಲ. ಅಲ್ಲೊಂದು ಇಲ್ಲೊಂದು ಮೊಳಕೆ ಎದ್ದು, ಬೆರಳುದ್ದ ಆಗುವುದರೊಳಗೆ ಹಿಮ ಬಿದ್ದು ಕಪ್ಪಾಯಿತು. ಚಳಿಗಾಲ ಕಳೆದ ಮೇಲೆ ಗಾಳಿ ಶುರುವಾಯಿತು. ಮಾರ್ಚ್ ಕೊನೆಗೆ ಹೋದಾಗ ಉತ್ತ ಕಡೆ ಅಲ್ಲಲ್ಲಿ ಬಿಳಿ ಕಲ್ಲು ಹಲ್ಲು ಬಿಟ್ಟುಕೊಂಡು ಕಾಣುತ್ತಿತ್ತು. ಉಳದೆ ಬಿಟ್ಟ ಕಡೆ ಹುಲ್ಲು ಹಾಗೇ ನಿಂತಿತ್ತು. ಎರಡರ ನಡುವಿನ ಗೆರೆಯಲ್ಲಿ ನಿಂತರೆ ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ. ಮೂವರೂ ಆ ಗೆರೆಯ ಮೇಲೆ ನಿಂತು ನೋಡಿದರು. ಯಾರೂ ನನ್ನ ಕಡೆ ನೋಡಲಿಲ್ಲ. ಈಗಲಾದರೂ ಒಂದು ಮಾತು ಆಡುತ್ತಾರೆಂದು ವಾಪಸು ಬರುವಾಗ ಇಡೀ ದಿನ ಕಾದೆ. ಕಾರಿನಲ್ಲಿ ಟೈರಿನ ಬಗ್ಗೆ ಮಾತಾಡಿದರು.

ಯುಗಾದಿಗೆ ಮತ್ತೆ ಎಲ್ಲರೂ ನಮ್ಮ ಮನೆಯಲ್ಲಿ ಸೇರಿದರು, ಜೊತೆಗೆ ಬೇರೆ ಹತ್ತಾರು ಜನ. ನಾನು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಹೊರಗೆ ಯಾರೋ ಹೊಲದ ಸುದ್ದಿ ಕೇಳಿದರು. ನಮ್ಮವರ ದನಿ ಬಂತು: "ನಾ ಅವತ್ತ ಮಣ್ಣು ಹಿಡಿದು ನೋಡಿದಾಗನ ನನಗ ಸಂಶೇ ಬಂದಿತ್ತು. ಅದಕ್ಕ ಅರ್ಧ ಬಿಡಿಸಿದೆ." ಮೈಸೂರಿನವರು, "ಹೌದೌದು, ಅದೇ ಒಳ್ಳೇದಾಯ್ತು" ಎಂದರು.

ಅಷ್ಟರಲ್ಲಿ ಹುಬ್ಬಳ್ಳಿಯವರು ಖಾಲಿ ತಟ್ಟೆ ಹಿಡಿದು ಬಾಗಿಲಿಗೆ ಬಂದರು.

"ವೈನಿ, ಏನ ರೊಟ್ಟಿ ಮಾಡೀರಿ! ಹಿಟ್ಟಿನ ಹದ ಅಂದ್ರ ನಿಮ್ಮನ್ನ ಕೇಳಬೇಕ್ರಿ. ಇನ್ನೆರಡು ಹಾಕ್ರಿ."

ನಾನು ಒಲೆ ಆರಿಸಿದೆ.

"ಹಿಟ್ಟು ಮುಗೀತ್ರಿ" ಎಂದೆ.

ಪರಾತದಲ್ಲಿ ನಾದಿಟ್ಟ ಹಿಟ್ಟು ಅವರ ಕಣ್ಣೆದುರಿಗೇ ಇತ್ತು. ಅವರು ಹಿಟ್ಟನ್ನೂ ನನ್ನ ಮುಖವನ್ನೂ ನೋಡಿ ಖಾಲಿ ತಟ್ಟೆಯೊಂದಿಗೆ ಹೊರಗೆ ಹೋದರು.