ಪೆಂಗ್ವಿನ್ ವಿರುದ್ಧ ನಾನು ಗೆದ್ದದ್ದು

ದೇಶಕ್ಕೆ ಸ್ವಾತಂತ್ರ್ಯ ಬಂದು ವರ್ಷಗಳಾಗಿದ್ದರೂ ನಮ್ಮ ಕಾಲೇಜಿನ ಚರ್ಚಾಕೂಟಕ್ಕೆ ಬಂದಿರಲಿಲ್ಲ. ವೇದಿಕೆ ಹತ್ತುವ ಮುನ್ನ ಚೀಟಿ ಎತ್ತಬೇಕು. ಪರ ಬಂದರೆ ಪರ, ವಿರೋಧ ಬಂದರೆ ವಿರೋಧ. ನೀನು ನಂಬುವುದೇನು ಎಂದು ಕೇಳುವವರೇ ಇಲ್ಲ.

ಆ ಸಲದ ವಿಷಯ, 'ಕಡಲು ಬದಲಾದದ್ದರಿಂದಲೇ ಕಡಲಹಕ್ಕಿಗಳು ಬದಲಾದವು.' ಕೊಟ್ಟವರು ಪ್ರಾಣಿಶಾಸ್ತ್ರದ ಮೇಷ್ಟ್ರು. "ನನಗೇ ಪೂರ್ತಿ ನಂಬಿಕೆಯಿಲ್ಲ. ವಾದ ಕೇಳಿ, ಆಮೇಲೆ ಪಾಠ ಮಾಡಬೇಕೋ ಬೇಡವೋ ನೋಡೋಣ" ಅಂದಿದ್ದರು.

ನನಗೆ ನಂಬಿಕೆಯಿತ್ತು. ಸುಲಭಕ್ಕೆ ನಂಬುವವನಲ್ಲ ನಾನು. ಪುರಾವೆ ಕೇಳದೆ ಅಮ್ಮನ ಪಂಚಾಂಗವನ್ನೂ ಬಿಟ್ಟವನಲ್ಲ. ಆದರೆ ಲೈಬ್ರರಿಯಲ್ಲಿ ಓದಿದಷ್ಟೂ ಕಂಡದ್ದು ಇದೇ: ಪೆಂಗ್ವಿನ್ನಿನ ಪೂರ್ವಜ ಹಕ್ಕಿಗಳು ಹಾರುತ್ತಿದ್ದವು. ದಕ್ಷಿಣದ ಕಡಲು ಯುಗಯುಗಗಳಲ್ಲಿ ಬದಲಾಗಿ, ತಣ್ಣಗಾಗಿ, ಮೀನು ಆಳದಲ್ಲಿ ತುಂಬಿದಂತೆಲ್ಲ ಚೆನ್ನಾಗಿ ಮುಳುಗುವ ಮೋಟು ರೆಕ್ಕೆಯವಕ್ಕೆ ಹೊಟ್ಟೆ ತುಂಬಿತು, ಅವುಗಳ ಮರಿಗಳೇ ಉಳಿದವು. ಹಕ್ಕಿ ಏನನ್ನೂ ಬಯಸಿರಲಿಲ್ಲ.

ಚೀಟಿ ಎತ್ತಿದೆ. ವಿರೋಧ.

ಪರವಾಗಿ ಎದ್ದವನು ಕೆಸರೆ ಕಡೆಯ ನನ್ನ ಗೆಳೆಯ, ಪುಸ್ತಕ ತೆರೆದವನೇ ಅಲ್ಲ. "ತಣ್ಣೀರು ಕಂಡ ಹಕ್ಕಿ, ಹಾರಿದ್ದು ಸಾಕು, ಇನ್ನು ಈಜೋಣ ಅಂತ ತೀರ್ಮಾನಿಸಿತು" ಎಂದ. ಚಪ್ಪಾಳೆ ಬೇರೆ.

ನಾನು ಎದ್ದೆ. "ಕುಕ್ಕರಹಳ್ಳಿ ಕೆರೆಯಲ್ಲಿ ನನ್ನ ಈ ಮಿತ್ರರು ಬಾಲ್ಯದಿಂದ ಈಜಿದ್ದಾರೆ. ತೀರ್ಮಾನದಿಂದ ಮೈ ಬದಲಾಗುವುದಾದರೆ ಬೆರಳ ಸಂದಿನಲ್ಲಿ ಬಾತುಕೋಳಿಯ ಚರ್ಮ ಬೆಳೆದಿರಬೇಕು, ತೋರಿಸಲಿ."

ಅವನು ಕೈ ಎತ್ತಿ ತೋರಿಸಿಯೂ ಬಿಟ್ಟ. ಸಭೆ ನಕ್ಕಿತು. ಅವನು ಕೊಡಬೇಕಿದ್ದ ಉತ್ತರ, ಹಕ್ಕಿ ತೀರ್ಮಾನಿಸಲಿಲ್ಲ, ಮುಳುಗಬಲ್ಲವು ಉಳಿದವು ಎಂಬುದು, ನನ್ನ ನಾಲಿಗೆಯ ತುದಿಯಲ್ಲಿತ್ತು. ಆದರೆ ಎದುರು ಪಕ್ಷದ ಪರ ಮಾತಾಡಿದರೆ ವೇದಿಕೆಯಿಂದ ಇಳಿಸುತ್ತಿದ್ದರು. ಗೆದ್ದೆ.

ಹೊರಗೆ ಅವನೇ ಕೇಳಿದ, "ಕಪ್ ಗೆದ್ಬುಟ್ಟು ಮುಖ ಯಾಕೋ ಹರಳೆಣ್ಣೆ ಕುಡ್ದಂಗೆ?"

"ನೀನು ಓದ್ಕೊಂಡು ಬಂದಿದ್ರೆ ನಾನು ಸೋಲ್ತಿದ್ದೆ ಕಣೋ."

"ನೀನು ಗೆದ್ದಿದ್ದೂ ನನ್ನ ತಪ್ಪಾ? ಚೆನ್ನಾಗದೆ ಬುಡು."

ಮಾರನೆಯ ದಿನ ಮೇಷ್ಟ್ರು ತರಗತಿಗೆ ಬಂದವರೇ, "ಕಡಲು-ಹಕ್ಕಿ ಭಾಗ ಬಿಟ್ಟುಬಿಡೋಣ. ನಿನ್ನೆ ಇವರು ಅದನ್ನು ಮುರಿದುಹಾಕಿದರಲ್ಲ" ಅಂದರು. ಎಲ್ಲರೂ ನೋಟ್‌ಬುಕ್ಕಿನಲ್ಲಿ ಆ ಪಾಠದ ಶೀರ್ಷಿಕೆಯ ಮೇಲೆ ಗೀಟು ಎಳೆದರು.

"ಸಾರ್, ನಾನು ಮುರಿದದ್ದು ಅವನ ವಾದವನ್ನು. ವಿಷಯವನ್ನಲ್ಲ."

"ಗೆದ್ದವರು ನೀವೇ ತಾನೆ?"

"ಹೌದು ಸಾರ್. ಆದರೆ ಅದು ಚೀಟಿಯ ಮಾತು."

"ಮತ್ತೆ ಯಾರ ಜೊತೆ ಜಗಳ ಆಡ್ತಿದೀರಿ? ಕೂತ್ಕೊಳ್ರೀ."

ಕೂರಲಿಲ್ಲ. ಕಡಲು ತಣ್ಣಗಾದದ್ದನ್ನು ಮೊದಲಿಂದ ಹೇಳತೊಡಗಿದೆ. ಮೇಷ್ಟ್ರು ನನ್ನತ್ತ ಬೆನ್ನು ತಿರುಗಿಸಿ, ಬೋರ್ಡಿನ ಮೇಲೆ ಮುಂದಿನ ಪಾಠದ ಕಪ್ಪೆಯ ಹೃದಯದ ಚಿತ್ರ ಬರೆಯುತ್ತಿದ್ದರು.