ಹುಸೇನಮ್ಮನ ಎಡಗಣ್ಣು

ಹುಸೇನಮ್ಮ ಮುಷ್ಟಿ ಬಿಗಿದು ಮೊದಲ ಸಲ ಹೊಡೆದದ್ದು ತನ್ನ ಅಪ್ಪನನ್ನೇ.

ಅಪ್ಪ ಅಂಬಣ್ಣ ಸುರಪುರದ ಕಡೆಯಿಂದ ಹೈದರಾಬಾದಿಗೆ ಬಂದು ಸೆಂಟ್ರಿಂಗ್ ಕೆಲಸಕ್ಕೆ ನಿಂತವನು. ಕಟ್ಟಡ ಎಲ್ಲಿ ಏಳುತ್ತಿತ್ತೋ ಅಲ್ಲೇ ಅವನ ತಗಡಿನ ಗುಡಿಸಲು. ಮಿಯಾಪುರ, ಕೂಕಟಪಲ್ಲಿ, ಆಮೇಲೆ ಜೀಡಿಮೆಟ್ಲಾ. ಕಟ್ಟಡ ಮುಗಿದು ಬಣ್ಣ ಬಳಿಯತೊಡಗಿದರೆ ಇವರನ್ನು ಅಲ್ಲಿಂದ ಎಬ್ಬಿಸುತ್ತಿದ್ದರು. ಸಂಜೆ ಕುಡಿದು ಬಂದ ಅಂಬಣ್ಣ ಹೆಂಡತಿ ಹಂಪಮ್ಮನನ್ನು ಹೊಡೆಯುತ್ತಿದ್ದ. ಅವಳು ಕೈಗೆ ಸಿಗದಿದ್ದರೆ ಮಗಳನ್ನು. ಮೊಹರಮ್ಮಿನ ಅಲಾಯಿ ದೇವರಿಗೆ ಹರಕೆ ಹೊತ್ತು ಹಡೆದವಳೆಂದು ಮಗಳಿಗೆ ಹುಸೇನಮ್ಮ ಎಂದು ಹೆಸರಿಟ್ಟಿದ್ದರು. ಹರಕೆಯ ಮಗು ಎಂದು ಅವನ ಕೈಯೇನೂ ತಡೆಯುತ್ತಿರಲಿಲ್ಲ.

ಅವಳು ಏಳನೆಯ ಇಯತ್ತೆ ಬಿಟ್ಟು ಇಟ್ಟಿಗೆ ಹೊರುತ್ತಿದ್ದ ಕಾಲ. ಒಂದು ಸಂಜೆ ಅಂಬಣ್ಣ ಸೆಂಟ್ರಿಂಗ್ ಹಲಗೆ ಎತ್ತಿಕೊಂಡು ಹಂಪಮ್ಮನ ಮೇಲೆ ಬಂದ. ಹುಸೇನಮ್ಮ ನಡುವೆ ನುಗ್ಗಿ ಅವನ ದವಡೆಗೆ ಬಿಟ್ಟಳು. ಅವನು ಮರಳಿನ ಗುಡ್ಡೆಯ ಮೇಲೆ ಕುಕ್ಕರಿಸಿದ, ಕೂಡಲೇ ಏಳಲಾಗಲಿಲ್ಲ. ಆಗ ಹಂಪಮ್ಮ ಓಡಿ ಬಂದು ಮಗಳ ಕೆನ್ನೆಗೆ ಬಾರಿಸಿದಳು.

"ಹಡದಪ್ಪಗ ಕೈ ಎತ್ತತೀಯೇನ, ದೆವ್ವ?"

ಅಪ್ಪನ ಎಷ್ಟೋ ಏಟುಗಳನ್ನು ಅವಳು ಮರೆತಳು. ಅವ್ವನ ಆ ಒಂದು ಏಟು ಮರೆಯಲಿಲ್ಲ.

ಸುದ್ದಿ ಗಲ್ಲಿಯೆಲ್ಲ ಹಬ್ಬಿತು. ಕಾಶಿನಾಥನ ಕಿವಿಗೂ ಬಿತ್ತು. ಅವನು ಕಲಬುರಗಿ ಕಡೆಯವನು; ಸೈನ್ಯದಲ್ಲಿದ್ದಾಗ ಬಾಕ್ಸಿಂಗ್ ಆಡಿದವನು. ನಿವೃತ್ತನಾದ ಮೇಲೆ ಜೀಡಿಮೆಟ್ಲಾದ ಹಳೆಯ ಗೋದಾಮೊಂದರಲ್ಲಿ ಹುಡುಗ ಹುಡುಗಿಯರಿಗೆ ಬಾಕ್ಸಿಂಗ್ ಕಲಿಸುತ್ತಿದ್ದ. ಸುತ್ತಲ ಕಾರ್ಖಾನೆಗಳ ಔಷಧದ ವಾಸನೆಗೆ ಅಲ್ಲಿ ಬಂದವರೆಲ್ಲ ಮೊದಲು ಕೆಮ್ಮುತ್ತಿದ್ದರು. ಅವಳನ್ನು ಕರೆಸಿ ಎದುರಿಗೆ ನಿಲ್ಲಿಸಿಕೊಂಡ.

"ಯಾ ಕೈಲೆ ಹೊಡದಿ?"

"ಬಲಗೈಲೆ."

"ಎಡಗೈ ಯಾಕ ಎತ್ತಲಿಲ್ಲ?"

"ಅವ ಒಂದ ಏಟಿಗೆ ಕುಂತಬಿಟ್ಟ. ಎಡಗೈ ಪಾಳಿ ಬರಲಿಲ್ಲ."

ಕಾಶಿನಾಥ ಹೊಟ್ಟೆ ಹಿಡಿದುಕೊಂಡು ನಕ್ಕ. ಮರುದಿನದಿಂದ ಅವಳಿಗೆ ಬೆಳಿಗ್ಗೆ ಎರಡು ಮೊಟ್ಟೆ, ಒಂದು ಜೊತೆ ಹಳೆಯ ಗ್ಲವ್ಸ್. ಅವಳೊಡನೆ ಕನ್ನಡದಲ್ಲಿ, ಬೈಯದೆ ಮಾತಾಡಿದ ಮೊದಲ ಗಂಡಸು ಅವನು. ಅವನು ಬೆಂಕಿಗೆ ಹಾರು ಅಂದಿದ್ದರೂ ಹಾರುತ್ತಿದ್ದಳು.

ಗೆಲ್ಲುವುದು ಅವಳಿಗೆ ಬೇಗ ಬಂತು. ಬಾಯಿ ಅದಕ್ಕಿಂತ ಮೊದಲೇ ಇತ್ತು. ರಿಂಗಿಗೆ ಇಳಿಯುವ ಮುಂಚೆ ಎದುರಾಳಿಯ ಹತ್ತಿರ ಹೋಗಿ, "ನಿಮ್ಮವ್ವಗ ಫೋನ್ ಮಾಡು, ಕಾವು ಕೊಡಾಕ ಬಿಸಿನೀರ ಕಾಸಿ ಇಡಲಿ" ಎಂದು ತೆಲುಗಿನಲ್ಲೋ ಹಿಂದಿಯಲ್ಲೋ ಹೇಳಿ ಬರುತ್ತಿದ್ದಳು. ರಾಜ್ಯ ಮಟ್ಟದ ಚಿನ್ನ ಬಂತು, ರಾಷ್ಟ್ರ ಮಟ್ಟದ ಬೆಳ್ಳಿ ಬಂತು. ಉತ್ತರದ ಒಂದು ಊರಿನಲ್ಲಿ ಅಧಿಕಾರಿಯೊಬ್ಬ ಅವಳ ಹೆಸರು ಓದಿ, ನೀನು ಹಿಂದೂವೋ ಮುಸ್ಲಿಮೋ ಎಂದು ಕೇಳಿದ. "ರಿಂಗಿನೊಳಗೆ ಬಾ, ಹೇಳ್ತೀನಿ" ಎಂದು ದಖನಿ ಉರ್ದುವಿನಲ್ಲಿ ಅಂದಳು. ಟಿವಿಯವರು ಮೈಕು ಹಿಡಿದಾಗ, "ನನ್ನ ಮುಂದ ನಿಲ್ಲೋಳು ಇನ್ನೂ ಹುಟ್ಟಿಲ್ಲ" ಎಂದಳು. ಬಡಾವಣೆಯ ಪುಢಾರಿ ಶಾಲು ಹೊದಿಸಿ, ಸರ್ಕಾರಿ ನೌಕರಿ ತನ್ನ ಜವಾಬ್ದಾರಿ ಎಂದ. ಪೋಸ್ಟರುಗಳಲ್ಲಿ ಅವನ ಮುಖ ದೊಡ್ಡದು, ಅವಳದು ಮೂಲೆಯಲ್ಲಿ.

ಒಂದು ಪಂದ್ಯದಲ್ಲಿ ಅಂಕ ಕೊಟ್ಟದ್ದು ಸರಿಯಿಲ್ಲವೆಂದು ಕುರ್ಚಿಯೆತ್ತಿ ತೀರ್ಪುಗಾರರ ಮೇಜಿನ ಮೇಲೆ ಎಸೆದಳು. ಒಂದು ವರ್ಷ ಹೊರಗಿಟ್ಟರು. ಅಲ್ಲಿಂದ ಇಳಿಜಾರು ಶುರುವಾಯಿತು. ಮತ್ತೆ ಒಳಗೆ ಬರಲು ಉಳಿದದ್ದು ರಾಷ್ಟ್ರೀಯ ಶಿಬಿರದ ಆಯ್ಕೆ ಪಂದ್ಯಗಳು ಮಾತ್ರ. ಗೋದಾಮಿನಿಂದ ಒಬ್ಬಳಾದರೂ ಆಯ್ಕೆಯಾದರೆ ಕಾಶಿನಾಥನಿಗೆ ಸರ್ಕಾರದ ಕೋಚ್ ಹುದ್ದೆ ಸಿಗುವ ಮಾತಿತ್ತು.

ಆಯ್ಕೆಗೆ ಮುಂಚೆ ಅಭ್ಯಾಸದಲ್ಲಿ ಎಡಗಣ್ಣಿಗೆ ಜೋರಾದ ಏಟು ಬಿತ್ತು. ಎರಡು ದಿನ ಕಳೆದರೂ ಕಣ್ಣೆದುರು ಕಪ್ಪು ಚುಕ್ಕೆಗಳ ಹಾರಾಟ ನಿಲ್ಲಲಿಲ್ಲ.

"ಸರ್, ಕಣ್ಣಾಗ ಕರ್ರಗ ಏನೋ ಹಾರಾಕತ್ತೈತಿ."

"ನಿತ್ರಾಣ ಅದು. ನೀರ ಕುಡಿ." ಅವನೇ ಅಂಗಡಿಯಿಂದ ಹನಿ ಔಷಧ ತಂದು ಕಣ್ಣಿಗೆ ಬಿಟ್ಟ. "ಆಯ್ಕೆ ಮುಗೀಲಿ, ಆಮ್ಯಾಗ ಡಾಕ್ಟರಿಗೆ ತೋರಸೂಣು. ಈಗ ಯಾರ ಮುಂದೂ ಬಾಯಿ ಬಿಡಬ್ಯಾಡ."

ಅವಳು ಬಾಯಿ ಬಿಡಲಿಲ್ಲ. ಮೊದಲ ಎರಡು ಪಂದ್ಯ ಗೆದ್ದಳು. ಕೊನೆಯದರಲ್ಲಿ ಎಡಗಡೆಯಿಂದ ಕರಿ ಪರದೆ ಎಳೆದ ಹಾಗಾಯಿತು. ಎದುರಾಳಿ ಕಾವ್ಯಾಳ ಬಲಗೈ ಆ ಪರದೆಯ ಹಿಂದಿನಿಂದ ಬರುತ್ತಲೇ ಇತ್ತು. ಏಟು ಬಿದ್ದ ಮೇಲೆಯೇ ಗೊತ್ತಾಗುತ್ತಿತ್ತು. ಸೋತಳು. ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಮಾಡಿದರು. ಆ ಕಣ್ಣಿಗೆ ಬೆಳಕು ಕತ್ತಲೆಯ ಗುರುತಷ್ಟೇ ಉಳಿಯಿತು. ಚುಕ್ಕೆ ಕಂಡ ದಿನವೇ ಬರಬೇಕಿತ್ತು, ಇನ್ನು ಬಾಕ್ಸಿಂಗ್ ಮರೆತುಬಿಡು ಎಂದರು ಡಾಕ್ಟರು.

ಪುಢಾರಿ ಫೋನ್ ಎತ್ತಲಿಲ್ಲ. "ನಾ ಮೊದಲ ಹೇಳಿದ್ದೆ" ಎಂದ ಅಂಬಣ್ಣನ ಮುಂದಿನ ಊಟದ ಗಂಗಾಳವನ್ನು ಅವಳು ಗೋಡೆಗೆ ಬೀಸಿದಳು. ಜುಬಿಲಿ ಹಿಲ್ಸಿನ ಪಬ್ಬೊಂದರಲ್ಲಿ ಬೌನ್ಸರ್ ಕೆಲಸ ಸಿಕ್ಕಿತು: ಕರಿ ಅಂಗಿ ತೊಟ್ಟು, ಕುಡಿದ ಶ್ರೀಮಂತರ ಹೆಣ್ಣುಮಕ್ಕಳನ್ನು ಕಾರಿನವರೆಗೆ ಹಿಡಿದು ನಡೆಸುವುದು. ಆದರೂ ಕಾಶಿನಾಥನ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಪಾಪ, ಅವನಿಗೂ ಗೊತ್ತಿರಲಿಲ್ಲ ಅಂದುಕೊಂಡಿದ್ದಳು. ಭಾನುವಾರ ಗೋದಾಮಿಗೆ ಹೋಗಿ ಎಳೆಯ ಹುಡುಗಿಯರ ಏಟಿನ ಅಭ್ಯಾಸಕ್ಕೆ ಪ್ಯಾಡ್ ಹಿಡಿಯುತ್ತಿದ್ದಳು.

ಆ ಹುಡುಗಿಯರಲ್ಲಿ ಶರ್ವರಿ ಒಬ್ಬಳು. ತಾರ್ನಾಕದ ಕನ್ನಡದವರ ಮನೆಯವಳು, ಅಪ್ಪ ನರಸಿಂಹ ಸಚಿವಾಲಯದಲ್ಲಿ ದೊಡ್ಡ ಅಧಿಕಾರಿ. ಒಂದು ಭಾನುವಾರ ಅವಳ ಹುಬ್ಬಿಗೆ ಏಟು ಬಿತ್ತು. ಕಣ್ಣೆದುರು ಚುಕ್ಕೆ ಕಾಣುತ್ತಿವೆ ಎಂದಳು. ಕಾಶಿನಾಥನ ಮುಖ ಬಿಳಿಚಿಕೊಂಡಿತು. "ತಲಿ ಅಲ್ಲಾಡಿಸಬ್ಯಾಡವ್ವ, ಕಣ್ಣಿನ ಪರದಿ ಹರೀತದ, ಮಿಲಿಟ್ರಿಯಾಗ ಹಿಂಗ ಕಣ್ಣ ಹೋದವ್ರನ್ನ ನೋಡೀನಿ" ಎನ್ನುತ್ತ ಅವಳನ್ನು ತನ್ನ ಕಾರಿನಲ್ಲಿ ಕೂರಿಸಿದ. ಹಿಂದಿನ ಸೀಟಿನಲ್ಲಿ ಹುಡುಗಿಯ ತಲೆ ಹಿಡಿದು ಕೂತಿದ್ದ ಹುಸೇನಮ್ಮನಿಗೆ ಆ ಮಾತು ಕಿವಿಯಲ್ಲೇ ನಿಂತಿತು. ಪರದೆ ಹರಿಯುತ್ತದೆ. ಅವನಿಗೆ ಗೊತ್ತಿತ್ತು. ಮೊದಲಿನಿಂದಲೂ ಗೊತ್ತಿತ್ತು.

ಆಸ್ಪತ್ರೆಯ ಪಡಸಾಲೆಯಲ್ಲಿ ಅವನ ಅಂಗಿ ಹಿಡಿದಳು.

"ಆಕಿ ಚುಕ್ಕಿ ಅಂದ್ರ ದವಾಖಾನಿ. ನಾ ಅಂದ್ರ ನೀರ ಕುಡಿ?"

"ಮೆತ್ತಗ ಮಾತಾಡು."

"ಯಾಕಂತ ಹೇಳು!"

ಕಾಶಿನಾಥ ಅತ್ತಿತ್ತ ನೋಡಿದ. "ಆಕಿಗೆ ಏನಾರ ಆದ್ರ ಆಕಿ ಅಪ್ಪ ಕೇಳ್ತಾನ. ನಿನಗ ಕೇಳಾವ್ರು ಯಾರಿದ್ರು, ಹುಸೇನಿ?"

ಅವಳು ಹೊಡೆದಳು. ಒಂದು ಕಣ್ಣಿಗೆ ದೂರ ತಿಳಿಯಲಿಲ್ಲ. ಮುಷ್ಟಿ ಅವನ ಕಿವಿಯನ್ನು ಸವರಿ ಗೋಡೆಗೆ ಬಡಿಯಿತು. ಬೆರಳಿನ ಗೆಣ್ಣು ಒಡೆದು ರಕ್ತ ಬಂತು. ಆಗಲೇ ಓಡಿ ಬಂದ ನರಸಿಂಹ, "ಈಕಿ ಯಾರ್ರಿ?" ಎಂದು ಕೇಳಿದ.

"ನಮ್ಮಲ್ಲಿ ಪ್ಯಾಡ್ ಹಿಡೀತಾಳ್ರಿ" ಎಂದ ಕಾಶಿನಾಥ.

ಶರ್ವರಿಯ ಕಣ್ಣಿಗೆ ಏನೂ ಆಗಿರಲಿಲ್ಲ. ಹುಸೇನಮ್ಮ ಮತ್ತೆ ಗೋದಾಮಿಗೆ ಕಾಲಿಡಲಿಲ್ಲ. ಆದರೆ ಊರಿನಲ್ಲಿ ಎಲ್ಲಿ ಪಂದ್ಯ ನಡೆದರೂ ಬಂದು ರಿಂಗಿನ ಹಗ್ಗದ ಪಕ್ಕ ನಿಲ್ಲತೊಡಗಿದಳು. ಏಟು ತಿಂದ ಹುಡುಗಿ ಕಣ್ಣು ಪಿಳುಕಿಸಿದರೆ ಸಾಕು, "ಡಾಕ್ಟರ್ ಎಲ್ಲಿ ಸತ್ತಾನ? ಈಕಿ ಕಣ್ಣ ನೋಡ್ರಿ!" ಎಂದು ಸಭಾಂಗಣ ನಡುಗುವಂತೆ ಕೂಗುತ್ತಿದ್ದಳು. ಪೊಲೀಸರು ಹೊರಗೆ ದಬ್ಬಿದರೆ ಇನ್ನೊಂದು ಬಾಗಿಲಿನಿಂದ ಬರುತ್ತಿದ್ದಳು. ಅವಳ ಬಾಯಿಗೆ ಹೆದರಿಯೇ ಡಾಕ್ಟರುಗಳು ಟಾರ್ಚು ಹಿಡಿದು ಏಳತೊಡಗಿದರು.

ಹೋದ ವರ್ಷ ರಾಜ್ಯ ಪಂದ್ಯದ ಕ್ವಾರ್ಟರ್ ಫೈನಲ್‌ನಲ್ಲಿ ಗೆಲ್ಲುತ್ತಿದ್ದ ಕೂಲಿಕಾರರ ಮಗಳೊಬ್ಬಳನ್ನು ಹುಸೇನಮ್ಮನ ಕೂಗಿಗೆ ಡಾಕ್ಟರು ಹೀಗೇ ರಿಂಗಿನಿಂದ ಇಳಿಸಿದರು. ಪದಕ ಹೋಯಿತು. ಆಸ್ಪತ್ರೆಯಲ್ಲಿ ನೋಡಿದರೆ ಕಣ್ಣು ಸರಿಯಾಗಿತ್ತು. ಹುಡುಗಿ ಅತ್ತು ಅತ್ತು, ಬಾಗಿಲಲ್ಲಿ ನಿಂತಿದ್ದ ಹುಸೇನಮ್ಮನ ಮುಖಕ್ಕೆ ಉಗುಳಿದಳು. ಹುಡುಗಿಯ ತಾಯಿ ಮಣ್ಣು ತೂರಿ ತೆಲುಗಿನಲ್ಲಿ ಶಪಿಸಿದಳು: ಏನೂ ಇಲ್ಲದ ಕಣ್ಣಿಗಾಗಿ ನನ್ನ ಮಗಳ ಬಾಳು ಕೆಡಿಸಿದೆಯಲ್ಲೇ.

ಹುಸೇನಮ್ಮ ತೋಳಿನಿಂದ ಮುಖ ಒರೆಸಿಕೊಂಡಳು.

"ಏನೂ ಇಲ್ಲ ಅಂತ ಈಗ ಗೊತ್ತಾತಲ್ಲ? ಬೈ, ಎಷ್ಟ ಬೈತಿ ಬೈ" ಎಂದು ಅವಳೂ ಎರಡು ಬೈದು, ಕೆಲಸಕ್ಕೆ ಹೊತ್ತಾಯಿತೆಂದು ಬಸ್ ಸ್ಟಾಪಿನ ಕಡೆ ನಡೆದಳು.