ಇದಕ್ಕ ಎಷ್ಟು ಚುಕ್ಕಿ?

ಮಗಳು ಉಗುರಿಗೆ ಬಣ್ಣ ಹಚ್ಚಿಕೊಳ್ಳುವಾಗ ಏಳುವ ಘಾಟು ವಾಸನೆಗೆ ಕೊಟ್ಟೂರಿನ ನಮ್ಮ ಪಡಸಾಲೆ ನೆನಪಾಗುತ್ತದೆ. ಆ ಮನೆಯಲ್ಲಿ ಉಗುರುಬಣ್ಣ ಬಳಸುತ್ತಿದ್ದವನು ಅಪ್ಪ. ಮದುವೆಗಳಲ್ಲಿ ಮೈಕ್ ಸೆಟ್ ಕಟ್ಟಿ ಹಾಡು ಹಾಕುವುದು ಅವನ ಕಸುಬು. ಕನ್ನಡ ಹಾಡಾದರೆ ಯಾವುದನ್ನು ಯಾವಾಗ ಹಾಕಬೇಕೆಂದು ಅವನಿಗೇ ತಿಳಿಯುತ್ತಿತ್ತು. ಹಿಂದಿ ಮಾತ್ರ ಒಂದಕ್ಷರ ಬಾರದು. ಆದರೆ ಬೀಗರಿಗೆ ಹಿಂದಿ ಹಾಡೇ ಬೇಕು, ಅದೂ ಹೊಸದು. ಹಾಗಾಗಿ ಶಾಲೆಯಲ್ಲಿ ಹಿಂದಿ ಕಲಿಯುತ್ತಿದ್ದ ನನ್ನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಹೊಸ ರೆಕಾರ್ಡು ಹಚ್ಚುತ್ತಿದ್ದ. ಆಂಪ್ಲಿಫೈಯರ್ ಕಾದಂತೆ ಬರುವ ಧೂಳಿನ ವಾಸನೆ, ಮುಳ್ಳು ಇಳಿದಾಗಿನ ಸರಸರ ಸದ್ದು. ಹಾಡು ಮುಗಿದೊಡನೆ ಕೇಳುತ್ತಿದ್ದ, "ತಮ್ಮಾ, ಇದಕ್ಕ ಎಷ್ಟು ಚುಕ್ಕಿ?" ಒಂದು ಚುಕ್ಕಿಯೆಂದರೆ ಸಂತೋಷದ್ದು, ದಿಬ್ಬಣ ಬರುವಾಗ ಹಾಕಬಹುದು. ಎರಡೆಂದರೆ ಹೆಣ್ಣು ಕಳಿಸುವ ಹೊತ್ತಿಗೆ. ಮೂರಾದರೆ ಮದುವೆಯಲ್ಲಿ ಹಾಕಲೇಬಾರದು. ನಾನು ಹೇಳಿದಷ್ಟು ಚುಕ್ಕಿಯನ್ನು ಅವನು ರೆಕಾರ್ಡಿನ ನಡುವಿನ ಕಾಗದದ ಮೇಲೆ ಉಗುರುಬಣ್ಣದಲ್ಲಿ ಉಸಿರು ಹಿಡಿದು ಇಡುತ್ತಿದ್ದ. "ಹೆಂಡ್ತಿ ಉಗುರು ಬೋಳು, ಹಾಡಿನ ಪ್ಲೇಟಿಗೆ ಸಿಂಗಾರ ನೋಡ್ರಿ" ಎಂದು ಅವ್ವ ಚುಚ್ಚಿದರೆ, "ನಿನ್ನ ಉಗುರು ಹಾಡತಾವೇನ?" ಎನ್ನುತ್ತಿದ್ದ.

ನಾನು ಎಂ.ಎ. ಓದಲು ಧಾರವಾಡಕ್ಕೆ ಹೋದ ಮೇಲೆ ಅಪ್ಪನ ಒಂದು ಕಾರ್ಡು ಬಂತು. ಹೊಸ ರೆಕಾರ್ಡು ತಂದಿದ್ದಾನಂತೆ. ಹಾಡಿನ ಮೊದಲ ಸಾಲನ್ನು ಕೇಳಿದ ಹಾಗೆ ಕನ್ನಡ ಅಕ್ಷರದಲ್ಲಿ ಬರೆದು, ಕೆಳಗೆ ಎಷ್ಟು ಚುಕ್ಕಿ ಎಂದು ಕೇಳಿದ್ದ. ಸಿನಿಮಾ ಹಾಡು ಜನರನ್ನು ಹೇಗೆ ಮಂಕು ಮಾಡುತ್ತದೆಂದು ನಾನು ಗೆಳೆಯರ ಕೋಣೆಯಲ್ಲಿ ವಾದಿಸುತ್ತಿದ್ದ ದಿನಗಳವು. ಕಾರ್ಡನ್ನು ಪುಸ್ತಕದೊಳಗಿಟ್ಟೆ. ಉತ್ತರ ಬರೆದು ಅಂಚೆಗೆ ಹಾಕಲು ಮರೆತೆನೆಂದು ಬಹಳ ವರ್ಷ ನಂಬಿದ್ದೆ. ಈಗ ನಂಬುವುದಿಲ್ಲ. ಬರೆದ ಒಂದು ಪದವೂ ನೆನಪಿಗೆ ಬರುವುದಿಲ್ಲ. ಪೆನ್ನು ಕೈಗೆತ್ತಿಕೊಂಡ ನೆನಪೂ ಇಲ್ಲ.

ಮುಂದಿನದನ್ನು ನಾನು ಕಣ್ಣಾರೆ ನೋಡಿಲ್ಲ. ಆದರೂ ನೋಡಿದಂತೆಯೇ ನೆನಪಿದೆ, ಅದಕ್ಕೇ ನನಗೆ ಈ ನೆನಪುಗಳ ಮೇಲೆ ಅನುಮಾನ. ಆ ಹೊಸ ರೆಕಾರ್ಡು ಹಾಕಿದ ಮದುವೆ ಉಜ್ಜಿನಿಯಲ್ಲೆಂದು ಅವ್ವ ಹೇಳುತ್ತಿದ್ದಳು, ನನ್ನ ಮನಸ್ಸಿನಲ್ಲಿ ಅದು ಕೂಡ್ಲಿಗಿ. ಹಾಡಿನ ಧಾಟಿ ಲವಲವಿಕೆಯಿಂದಿತ್ತು, ಅಪ್ಪ ತಾನೇ ಒಂದು ಚುಕ್ಕಿ ಇಟ್ಟುಕೊಂಡಿದ್ದ. ದಿಬ್ಬಣ ಹಂದರದೊಳಗೆ ಕಾಲಿಡುವಾಗ ಅದನ್ನೇ ಹಾಕಿದ. ನಮ್ಮ ಬಾಜೂ ಮನೆಯ ಮೋಟಾರ್ ಮೆಕ್ಯಾನಿಕ್ ಮೌಲಾಸಾಬ ಉಪ್ಪಿಟ್ಟಿನ ಎಂಜಲುಗೈಯಲ್ಲೇ ಓಡಿಬಂದು ಮುಳ್ಳು ಎತ್ತಿದನಂತೆ. "ಅಣ್ಣಾ, ಸತ್ತ ಹೆಂಡ್ತೀನ ನೆನಸಿ ಅಳೋ ಹಾಡೈತಿ ಇದು." ಅಷ್ಟರಲ್ಲಿ ತಿಳಿಯುವವರಿಗೆಲ್ಲ ತಿಳಿದಿತ್ತು. ಗಂಡಿನ ಕಡೆಯ ಹಿರಿಯರೊಬ್ಬರು ಎಲ್ಲರೆದುರು ಕೇಳಿದರಂತೆ, "ಮೈಕಿನಾಂವ ಮದಿವಿಗಿ ಬಂದಾನೋ, ಮಣ್ಣಿಗಿ ಬಂದಾನೋ?"

ಆಮೇಲೆ ಅಪ್ಪ ಒಂದೂ ಹೊಸ ರೆಕಾರ್ಡು ತರಲಿಲ್ಲ. ಚುಕ್ಕಿಯಿದ್ದ ಹಳೆಯವನ್ನೇ ಹಾಕಿದ. "ನಿನ್ನ ಹಾಡು ನಮ್ಮವ್ವನ ಮದಿವ್ಯಾಗೂ ಇದ್ದುವಲ್ಲೋ" ಎಂದು ಜನ ನಗುತ್ತ ನಗುತ್ತಲೇ ಕ್ಯಾಸೆಟ್ಟಿನವರ ಕಡೆಗೆ ಸರಿದರು. ಮೈಕ್ ಸೆಟ್ಟು ಕಂಬಳಿ ಹೊದ್ದು ಮೂಲೆ ಸೇರಿತು. ಕಾರ್ಡಿಗೆ ಏಕೆ ಉತ್ತರ ಬರೆಯಲಿಲ್ಲವೆಂದು ಅಪ್ಪ ನನ್ನನ್ನು ಎಂದೂ ಕೇಳಲಿಲ್ಲ. ಅವನು ತೀರಿಕೊಂಡ ಮೇಲೆ ನಾನು ಅವ್ವನನ್ನು ಕೇಳಿದೆ, ಗೋಡೆಯಾಚೆಗೇ ಹಿಂದಿ ಬಲ್ಲ ಮೌಲಾಸಾಬನಿದ್ದನಲ್ಲ, ಅವನನ್ನೇಕೆ ಕೇಳಲಿಲ್ಲ ಎಂದು. ಅವ್ವ ಅಕ್ಕಿ ಆರಿಸುತ್ತಿದ್ದಳು. "ಅವನೂ ಹೇಳ್ತೀನಿ ಅಂದಿದ್ದ. ನಿಮ್ಮಪ್ಪ ಬ್ಯಾಡ ಅಂದ. ನಿನ್ನ ಕಾಗದ ಬರ್ಲಿ ಅಂತ ಕುಂತಿದ್ದ." ನನ್ನೆಲ್ಲ ನೆನಪುಗಳಲ್ಲಿ ಇದೊಂದು ಸುಳ್ಳಾಗಿರಲಿ ಎಂದು ಬಯಸಿದ್ದೇನೆ. ಅನುಮಾನ ಪಡಲು ಎಲ್ಲೂ ಬಿರುಕು ಸಿಗಲಿಲ್ಲ.

ಈಗ ಮಗಳು ಕೇಳುವ ಹಾಡುಗಳ ಭಾಷೆ ನನಗೆ ಬರುತ್ತದೆ, ಮಾತು ಮಾತ್ರ ಕಿವಿಗೆ ಸಿಗುವುದಿಲ್ಲ. ಇವತ್ತು ಉಗುರುಬಣ್ಣ ಆರಲೆಂದು ಬೆರಳು ಅಗಲಿಸಿಕೊಂಡು ಕುಳಿತಿದ್ದವಳನ್ನು ಕೇಳಿದೆ, ಇದು ಸಂತೋಷದ ಹಾಡೋ, ದುಃಖದ್ದೋ ಎಂದು.

"ಪೂರಾ ಅಳೋ ಹಾಡು ಅಪ್ಪಾ. ನೀನ್ಯಾಕ ಕಾಲು ಕುಣಸಾಕತ್ತಿ?"

ತಲೆ ಎತ್ತದೆ ಹೇಳಿದಳು. ಅಷ್ಟು ಹೇಳಲು ಅವಳಿಗೆ ಅರೆಗಳಿಗೆಯೂ ಬೇಕಾಗಲಿಲ್ಲ.